ಕೆಟ್ಟ ಸುದ್ದಿ ಬೇಗ ಗೊತ್ತಾಗಬೇಕು

ಆ ರಾತ್ರಿ ತೆಗೆದ ತೊಂಬತ್ತು ಫೋಟೋಗಳನ್ನು ನಾನು ಇನ್ನೂ ಅಳಿಸಿಲ್ಲ. ಒಂದೊಂದೂ ಎರಡು ನಿಮಿಷದ್ದು. ಎಲ್ಲವನ್ನೂ ಸೇರಿಸಿ ಒಂದೇ ಚಿತ್ರ ಮಾಡಬೇಕಿತ್ತು, ಒಟ್ಟು ಮೂರು ಗಂಟೆಯ ಬೆಳಕು. ದೇವಯಾನಿ ಗೆಲಾಕ್ಸಿ, ಅಂದರೆ ಎಂ 31, ಪೂರ್ವದಲ್ಲಿ ಚೆನ್ನಾಗಿ ಮೇಲೆ ಬಂದಿತ್ತು. ಚಂದ್ರ ಇರಲಿಲ್ಲ, ಮೋಡ ಇರಲಿಲ್ಲ, ಗಾಳಿಯೂ ಇರಲಿಲ್ಲ. ಅಂಥ ರಾತ್ರಿ ವರ್ಷದಲ್ಲಿ ಬೆರಳೆಣಿಕೆಯಷ್ಟೇ ಸಿಗುತ್ತವೆ. ಟೆಲಿಸ್ಕೋಪಿಗೆ ಜೋಡಿಸಿದ ಕ್ಯಾಮೆರಾಕ್ಕೆ ಟೈಮರ್ ರಿಮೋಟ್ ಸಿಕ್ಕಿಸಿ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ. ಎರಡು ನಿಮಿಷಕ್ಕೊಮ್ಮೆ ಶಟರ್ ಮುಚ್ಚಿ ತೆರೆಯುವ ಸದ್ದು. ಆ ಸದ್ದು ಕೇಳಿದಾಗಲೆಲ್ಲ ಕೆಲಸ ನಡೆಯುತ್ತಿದೆ ಅಂತ ಸಮಾಧಾನ ಆಗುತ್ತಿತ್ತು. ಮೊದಲ ಫ್ರೇಮ್ ತೆಗೆದು, ಕ್ಯಾಮೆರಾದ ಹಿಂದಿನ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದ್ದೆ. ನಕ್ಷತ್ರಗಳು ಸೂಜಿಮೊನೆಯಂತೆ ಇದ್ದವು. ಇನ್ನೇನು ನೋಡಬೇಕು, ಅಲ್ವಾ?

ಮಾರನೇ ದಿನ ಬೆಳಿಗ್ಗೆ ಫೈಲುಗಳನ್ನು ತೆರೆದೆ. ಮೊದಲ ಇಪ್ಪತ್ತು ಚೆನ್ನಾಗಿದ್ದವು. ಮೂವತ್ತರ ಹೊತ್ತಿಗೆ ನಕ್ಷತ್ರಗಳು ಸ್ವಲ್ಪ ದಪ್ಪ ಆಗಿದ್ದವು. ಅರವತ್ತರ ಹೊತ್ತಿಗೆ ಹತ್ತಿಯ ಉಂಡೆ. ಕೊನೆಯ ಫ್ರೇಮಿನಲ್ಲಿ ಎಲ್ಲವೂ ಸಣ್ಣ ಸಣ್ಣ ತಟ್ಟೆಗಳು. ಆಗಿದ್ದು ಇಷ್ಟೇ: ಸಂಜೆ ಬೆಚ್ಚಗಿದ್ದಾಗ ಫೋಕಸ್ ಮಾಡಿದ್ದೆ. ರಾತ್ರಿ ಏರಿದಂತೆ ಚಳಿ ಏರಿತು. ಟೆಲಿಸ್ಕೋಪಿನ ಅಲ್ಯೂಮಿನಿಯಂ ಕೊಳವೆ ಕುಗ್ಗಿತು. ಅರ್ಧ ಮೀಟರ್ ಉದ್ದದ ಅಲ್ಯೂಮಿನಿಯಂ, ಹತ್ತು ಡಿಗ್ರಿ ತಣ್ಣಗಾದರೆ, ಸುಮಾರು 0.11 ಮಿಲಿಮೀಟರ್ ಗಿಡ್ಡ ಆಗುತ್ತದೆ. ಕೇಳಿದರೆ ಏನೂ ಅಲ್ಲ ಅನಿಸುತ್ತದೆ. ಆದರೆ ನನ್ನದು ಎಫ್/6 ಟೆಲಿಸ್ಕೋಪ್, ಅಂದರೆ ಬೆಳಕು ಒಂದೆಡೆ ಕೂಡುವ ದೂರ (ಫೋಕಲ್ ಲೆಂಗ್ತ್) ಮುಂದಿನ ಗಾಜಿನ ಅಗಲದ ಆರು ಪಟ್ಟು. ಅದರಲ್ಲಿ ಫೋಕಸ್ ಸರಿ ಇರುವ ಜಾಗ ಇರುವುದೇ 0.1 ಮಿಲಿಮೀಟರ್‌ನಷ್ಟು. 25 ಲಕ್ಷ ವರ್ಷ ದಾರಿ ಸವೆಸಿ ಬಂದ ಬೆಳಕು ಕೊನೆಯ ಅರ್ಧ ಮೀಟರಿನಲ್ಲಿ ಹಾಳಾಗಿತ್ತು.

ಫೋಟೋ ಕೆಟ್ಟಿದ್ದಕ್ಕೆ ಬೇಜಾರಾಯಿತು, ನಿಜ. ಆದರೆ ಇಷ್ಟು ದಿನ ತಲೆ ಕೊರೆಯುತ್ತಿರುವುದು ಅದಲ್ಲ. ಇಪ್ಪತ್ತೈದನೇ ಫ್ರೇಮಿನಲ್ಲೇ ವಿಷಯ ಅಲ್ಲಿತ್ತು. ಕ್ಯಾಮೆರಾದೊಳಗಿನ ಕಾರ್ಡಿನಲ್ಲಿ, ನನ್ನ ಮೊಣಕೈಯಿಂದ ಎರಡು ಅಡಿ ದೂರದಲ್ಲಿ. ನಾನು ಎಚ್ಚರವಾಗೇ ಇದ್ದೆ. ಒಂದು ನಿಮಿಷದಲ್ಲಿ ಸರಿ ಮಾಡಬಹುದಿತ್ತು. ಆದರೂ ನನಗೆ ಗೊತ್ತಾಗಿದ್ದು ಹನ್ನೆರಡು ಗಂಟೆ ತಡವಾಗಿ.

ಲ್ಯಾಪ್‌ಟಾಪಿನಿಂದ ಕ್ಯಾಮೆರಾ ನಡೆಸುವ ಬಗ್ಗೆ ಮಾತು ಬಂದಾಗ ಎಲ್ಲರೂ ಅನುಕೂಲದ ಮಾತಾಡುತ್ತಾರೆ. ಶಟರ್ ಒತ್ತುವುದು ಬೇಡ, ಕ್ಯಾಮೆರಾ ಮುಟ್ಟುವುದು ಬೇಡ, ಒಳಗೆ ಬೆಚ್ಚಗೆ ಕೂರಬಹುದು ಅಂತ. ಅದೆಲ್ಲ ಇದೆ. ಆದರೆ ಶಟರ್ ಒತ್ತುವ ಕೆಲಸವನ್ನು ಒಂದು ಸಣ್ಣ ರಿಮೋಟ್ ಕೂಡ ಮಾಡುತ್ತದೆ. ನನಗೆ ಲ್ಯಾಪ್‌ಟಾಪ್ ಬೇಕಾಗಿದ್ದು ಬೇರೆ ಕಾರಣಕ್ಕೆ. ರಾತ್ರಿ ಇನ್ನೂ ಉಳಿದಿರುವಾಗಲೇ ಕೆಟ್ಟ ಸುದ್ದಿ ನನ್ನ ಕಿವಿಗೆ ಬೀಳಬೇಕಿತ್ತು.

ಹಿಂದಿನ ಪುಟ್ಟ ಪರದೆ

ಡಿಎಸ್‌ಎಲ್‌ಆರ್ ಕ್ಯಾಮೆರಾದ ಹಿಂದಿನ ಪರದೆಯನ್ನು ನಾನು ತುಂಬಾ ನಂಬಿದ್ದೆ. ಹಗಲಿನ ಫೋಟೋಗಳಿಗೆ ಅದು ಸಾಕು. ರಾತ್ರಿ ಆಕಾಶಕ್ಕೆ ಸಾಲದು. ಅಲ್ಲಿ ಕಾಣುವುದು ಸೆನ್ಸರ್ ಹಿಡಿದದ್ದನ್ನು ಹಾಗೇ ಇಟ್ಟುಕೊಳ್ಳುವ ರಾ ಫೈಲ್ ಅಲ್ಲ, ಕ್ಯಾಮೆರಾ ತಾನೇ ತಿದ್ದಿ ತೀಡಿ ಮಾಡಿದ ಸಣ್ಣ ಜೆಪೆಗ್. ಕತ್ತಲಿಗೆ ಒಗ್ಗಿದ ಕಣ್ಣಿಗೆ ಆ ಪರದೆ ವಿಪರೀತ ಬೆಳಕು. ಹಾಗಾಗಿ ಕಡಿಮೆ ಎಕ್ಸ್‌ಪೋಷರ್ ಆದ ಫ್ರೇಮ್ ಕೂಡ ಭರ್ಜರಿಯಾಗಿ ಕಾಣುತ್ತದೆ. ಮೂರು ಇಂಚಿನ ಜಾಗದಲ್ಲಿ ದಪ್ಪಗಾದ ನಕ್ಷತ್ರವೂ ಚುಕ್ಕಿಯೇ. ಜೊತೆಗೆ ಟೆಲಿಸ್ಕೋಪ್ ನೆತ್ತಿಯ ಕಡೆ ತಿರುಗಿದ್ದರೆ ಆ ಪರದೆ ನೆಲ ನೋಡುತ್ತಿರುತ್ತದೆ. ಮಂಡಿಯೂರಿ, ಕತ್ತು ತಿರುಚಿ ನೋಡಬೇಕು. ಹಾಗೆ ನೋಡುವಾಗ ಟ್ರೈಪಾಡಿಗೆ ಕಾಲು ತಾಗದೇ ಇರುವುದು ಅಪರೂಪ.

ಲ್ಯಾಪ್‌ಟಾಪ್ ಜೋಡಿಸುವ ಕೆಲಸ ಮೇಲ್ನೋಟಕ್ಕೆ ಸುಲಭ. ಒಂದು ಯುಎಸ್‌ಬಿ ಕೇಬಲ್, ಒಂದು ಸಾಫ್ಟ್‌ವೇರ್. ಡಿಜಿಕ್ಯಾಮ್‌ಕಂಟ್ರೋಲ್ ಇದೆ, ಬ್ಯಾಕ್‌ಯಾರ್ಡ್‌ಇಒಎಸ್ ಇದೆ, ಎಪಿಟಿ ಇದೆ, ವಿಂಡೋಸ್ ಇದ್ದರೆ ಈಗ ಬಹಳ ಜನ ಬಳಸುವ ನಿನಾ ಇದೆ. ಲಿನಕ್ಸ್‌ನವರಿಗೆ ಕೆಸ್ಟಾರ್ಸ್ ಜೊತೆಗೆ ಬರುವ ಎಕೋಸ್. ಹೆಸರು ಬೇರೆ ಬೇರೆ, ಮಾಡುವ ಕೆಲಸ ಹೆಚ್ಚುಕಮ್ಮಿ ಒಂದೇ. ಒಳಗೆ ಇನ್ನೊಂದು ಪದರ ಇರುತ್ತದೆ. ಕ್ಯಾಮೆರಾ, ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೌಂಟ್, ಫೋಕಸ್ ಮಾಡುವ ಫೋಕಸರ್ ಇವೆಲ್ಲ ಬೇರೆ ಬೇರೆ ಕಡೆ ತಯಾರಾದವು. ಅವು ಸಾಫ್ಟ್‌ವೇರ್ ಜೊತೆ ಮಾತಾಡಲು ಒಂದು ಸಾಮಾನ್ಯ ಭಾಷೆ ಬೇಕು. ವಿಂಡೋಸ್ ಕಡೆ ಆ ಭಾಷೆ ಆಸ್ಕಾಮ್, ಲಿನಕ್ಸ್ ಕಡೆ ಇಂಡಿ. ಯಾವುದನ್ನು ಹಾಕಿಕೊಳ್ಳಬೇಕು ಅಂತ ಹೊಸಬರು ವಾರಗಟ್ಟಲೆ ಯೋಚಿಸುತ್ತಾರೆ. ನಿಮ್ಮ ಕೈಲಿರುವ ಲ್ಯಾಪ್‌ಟಾಪಿನಲ್ಲಿ ಯಾವುದು ಓಡುತ್ತದೋ ಅದನ್ನು ಹಾಕಿಕೊಂಡು ಹಗಲಲ್ಲೇ ಒಂದು ಸಲ ಪೂರ್ತಿ ಓಡಿಸಿ ನೋಡಿ. ಹಗಲಲ್ಲೇ ಅನ್ನುವುದು ಮುಖ್ಯ. ಡ್ರೈವರ್ ಹುಡುಕುವ ಕೆಲಸ ಕತ್ತಲಲ್ಲಿ ಮಾಡುವಂಥದ್ದಲ್ಲ.

ಕ್ಯಾಮೆರಾದಲ್ಲೂ ಕೆಲವು ಸೆಟ್ಟಿಂಗ್ ಬದಲಾಯಿಸಬೇಕು. ಮ್ಯಾನುಯಲ್, ಅಥವಾ ಬೇಕಾದಷ್ಟು ಹೊತ್ತು ಶಟರ್ ತೆರೆದಿಡುವ ಬಲ್ಬ್ ಮೋಡ್. ರಾ ಫೈಲ್ ಮಾತ್ರ. ಟೆಲಿಸ್ಕೋಪಿನ ಬದಲು ಲೆನ್ಸ್ ಆಗಿದ್ದರೆ ಆಟೋಫೋಕಸ್ ಬಂದ್. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಅಂತ ಒಂದು ಇರುತ್ತದೆ, ಅದೂ ಬಂದ್. ಅದು ಆನ್ ಇದ್ದರೆ ಪ್ರತಿ ಎರಡು ನಿಮಿಷದ ಫೋಟೋ ಆದಮೇಲೆ ಕ್ಯಾಮೆರಾ ಶಟರ್ ಮುಚ್ಚಿಕೊಂಡು ತನ್ನದೇ ಚುಕ್ಕಿಗಳನ್ನು (ನಾಯ್ಸ್) ಕಳೆಯಲು ಇನ್ನೆರಡು ನಿಮಿಷ ಕತ್ತಲೆಯ ಫೋಟೋ ತೆಗೆಯುತ್ತದೆ. ಅರ್ಧ ರಾತ್ರಿ ಅದರಲ್ಲೇ ಕಳೆದುಹೋಗುತ್ತದೆ. ಕತ್ತಲೆಯ ಫ್ರೇಮುಗಳನ್ನು ಕೊನೆಗೆ, ಟೆಲಿಸ್ಕೋಪಿಗೆ ಮುಚ್ಚಳ ಹಾಕಿ, ಒಟ್ಟಿಗೆ ತೆಗೆದುಕೊಂಡರೆ ಆಯಿತು.

ಲ್ಯಾಪ್‌ಟಾಪಿನದ್ದೂ ಒಂದು ಕಾಟ ಇದೆ. ಅದಕ್ಕೆ ನಿದ್ದೆ ಮಾಡುವ ಚಾಳಿ. ಯಾರೂ ಕೀಲಿ ಒತ್ತದಿದ್ದರೆ ಮಲಗುತ್ತದೆ. ತಾನು ಎಚ್ಚರ ಇದ್ದರೂ ಬ್ಯಾಟರಿ ಉಳಿಸಲು ಯುಎಸ್‌ಬಿ ಪೋರ್ಟನ್ನು ಮಲಗಿಸುತ್ತದೆ. ಮೊದಲ ರಾತ್ರಿ ನನಗೆ ಹೀಗೇ ಆಯಿತು. ಹದಿನಾಲ್ಕನೇ ಫ್ರೇಮ್ ಆದಮೇಲೆ ಕ್ಯಾಮೆರಾ ಸಿಗುತ್ತಿಲ್ಲ ಅಂತ ಸಂದೇಶ. ಪವರ್ ಸೆಟ್ಟಿಂಗಿನಲ್ಲಿ ನಿದ್ದೆ, ಯುಎಸ್‌ಬಿ ಉಳಿತಾಯ, ತಾನಾಗೇ ಅಪ್‌ಡೇಟ್ ಆಗುವುದು, ಇವು ಮೂರನ್ನೂ ನಿಲ್ಲಿಸಿದ ಮೇಲೆ ಅದು ಸರಿಹೋಯಿತು. ಕೇಬಲ್ ಉದ್ದವೂ ಮುಖ್ಯ. ಯುಎಸ್‌ಬಿ 2.0 ಕೇಬಲ್ಲಿಗೆ 5 ಮೀಟರ್ ಮಿತಿ. ಅದಕ್ಕೂ ಉದ್ದ ಮಾಡಿದರೆ ಎಲ್ಲ ಸರಿ ಇದ್ದಂತೆ ತೋರಿಸಿ ನಡುರಾತ್ರಿ ಕೈಕೊಡುತ್ತದೆ.

ಎರಡು ಅಂಕಿ

ಫ್ರೇಮ್ ಮುಗಿದ ಕೆಲವೇ ಸೆಕೆಂಡುಗಳಲ್ಲಿ ಫೋಟೋ ಲ್ಯಾಪ್‌ಟಾಪ್ ಪರದೆಗೆ ಬರುತ್ತದೆ. ಸಾಫ್ಟ್‌ವೇರ್ ಅದರಲ್ಲಿರುವ ನಕ್ಷತ್ರಗಳನ್ನು ಹುಡುಕಿ ಎಣಿಸುತ್ತದೆ. ಒಂದೊಂದರ ದಪ್ಪವನ್ನೂ ಅಳೆಯುತ್ತದೆ. ಈ ದಪ್ಪದ ಅಳತೆಗೆ ಎಚ್‌ಎಫ್‌ಆರ್ ಅನ್ನುತ್ತಾರೆ. ನಕ್ಷತ್ರದ ನಡುವಿನಿಂದ ಒಂದು ವೃತ್ತ ಎಳೆಯಿರಿ. ಅದರ ಒಟ್ಟು ಬೆಳಕಿನ ಅರ್ಧ ಭಾಗ ಆ ವೃತ್ತದೊಳಗೆ ಬರಬೇಕು. ಆ ವೃತ್ತದ ತ್ರಿಜ್ಯ ಎಷ್ಟು ಪಿಕ್ಸೆಲ್ ಅನ್ನುವುದೇ ಎಚ್‌ಎಫ್‌ಆರ್. ಫೋಕಸ್ ಚೆನ್ನಾಗಿದ್ದಷ್ಟೂ ಅಂಕಿ ಸಣ್ಣದು. ಹೀಗೆ ಪ್ರತಿ ಫ್ರೇಮಿಗೂ ಎರಡು ಅಂಕಿ ಸಿಗುತ್ತವೆ: ಎಷ್ಟು ನಕ್ಷತ್ರ, ಎಷ್ಟು ದಪ್ಪ.

ಕೆಟ್ಟುಹೋದ ಆ ತೊಂಬತ್ತು ಫೋಟೋಗಳನ್ನೂ ಒಂದು ದಿನ ಇದೇ ಸಾಫ್ಟ್‌ವೇರಿಗೆ ಕೊಟ್ಟು ನೋಡಿದೆ. 2.1, 2.1, 2.2. ಇಪ್ಪತ್ತೈದರಲ್ಲಿ 2.5. ನಲವತ್ತರಲ್ಲಿ 3.2. ಏಣಿ ಹತ್ತಿದಂತೆ ಏರುತ್ತಾ ಹೋಗಿತ್ತು. ಯಾರು ನೋಡಿದರೂ ತಿಳಿಯುವಂತಿತ್ತು. ಅಂದು ರಾತ್ರಿ ಈ ಒಂದು ಗೆರೆ ನನ್ನ ಕಣ್ಣಮುಂದೆ ಇದ್ದಿದ್ದರೆ ಅಂತ ಬಹಳ ಹೊತ್ತು ಸುಮ್ನೆ ಕೂತಿದ್ದೆ.

ಲ್ಯಾಪ್‌ಟಾಪ್ ಜೊತೆಗಿನ ಮೂರನೆಯೋ ನಾಲ್ಕನೆಯೋ ರಾತ್ರಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮತ್ತೆ ಅದೇ ದೇವಯಾನಿ. ಸಂಜೆ ಬಹ್ತಿನೋವ್ ಮಾಸ್ಕ್ ಹಾಕಿ ಫೋಕಸ್ ಮಾಡಿದೆ. ಟೆಲಿಸ್ಕೋಪಿನ ಬಾಯಿಗೆ ಹಾಕುವ, ಸೀಳು ಸೀಳಾಗಿ ಕೊರೆದ ಒಂದು ಬಿಲ್ಲೆ ಅದು. ಪ್ರಕಾಶಮಾನ ನಕ್ಷತ್ರದ ಸುತ್ತ ಮೂರು ಗೆರೆ ಮೂಡಿಸುತ್ತದೆ. ನಡುವಿನ ಗೆರೆ ಸರಿಯಾಗಿ ಮಧ್ಯಕ್ಕೆ ಬಂದರೆ ಫೋಕಸ್ ಆಯಿತು. ಮುಂಚೆ ಇದನ್ನೇ ಕ್ಯಾಮೆರಾ ಪರದೆಯಲ್ಲಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ಈಗ ಲೈವ್ ವ್ಯೂ ಲ್ಯಾಪ್‌ಟಾಪಿನಲ್ಲಿ ಅಂಗೈ ಅಗಲಕ್ಕೆ ಕಾಣುತ್ತದೆ. ಫೋಕಸ್ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರೂ ಗೆರೆ ಸರಿಯುವುದು ತಿಳಿಯುತ್ತದೆ.

ನಲವತ್ತು ನಿಮಿಷ ಆಗಿತ್ತು. ಎಚ್‌ಎಫ್‌ಆರ್ 2.1ರಿಂದ 2.4ಕ್ಕೆ ಬಂದಿತ್ತು. ನಿಲ್ಲಿಸಿ, ಫೋಕಸ್ ಸರಿಮಾಡಿದೆ. ಮತ್ತೆ 2.1. ಖುಷಿಯಾಯಿತು. ಇನ್ನೊಂದು ಗಂಟೆ ಕಳೆದ ಮೇಲೆ ಮತ್ತೆ 2.4, 2.6. ಮತ್ತೆ ಫೋಕಸ್ ಮಾಡಿದೆ. ಆದರೆ ಈ ಸಲ ಇಳಿಯಲೇ ಇಲ್ಲ. ತಿರುಪನ್ನು ಆ ಕಡೆ ತಿರುಗಿಸಿದರೂ, ಈ ಕಡೆ ತಿರುಗಿಸಿದರೂ 2.6ಕ್ಕಿಂತ ಕೆಳಗೆ ಬರಲಿಲ್ಲ. ಆಗ ಇನ್ನೊಂದು ಅಂಕಿ ಕಡೆ ಕಣ್ಣು ಹೋಯಿತು. ನಕ್ಷತ್ರಗಳ ಎಣಿಕೆ. ಶುರುವಿನಲ್ಲಿ ಒಂಬೈನೂರರ ಹತ್ತಿರ ಇದ್ದದ್ದು ಐನೂರಕ್ಕೆ ಇಳಿದಿತ್ತು. ತಲೆ ಎತ್ತಿ ನೋಡಿದೆ. ಆಕಾಶ ಸ್ವಚ್ಛ. ಒಂದು ಮೋಡದ ತುಣುಕೂ ಇಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು ಟೆಲಿಸ್ಕೋಪಿನ ಮುಂದಿನ ಗಾಜಿನ ಮೇಲೆ ಬೆಳಕು ಬಿಟ್ಟೆ. ಗಾಜು ತುಂಬಾ ಇಬ್ಬನಿ. ಬಾಯಿಂದ ಊದಿದ ಕನ್ನಡಿಯ ಹಾಗೆ ಮಂಜಾಗಿತ್ತು.

ಒರೆಸಬಾರದು, ಗಾಜಿನ ಮೇಲಿನ ಲೇಪನ ಹಾಳಾಗುತ್ತದೆ. ಬೆಚ್ಚನೆಯ ಗಾಳಿ ಬಿಟ್ಟು ಒಣಗಿಸಿ, ಕೊಳವೆಯ ಬಾಯಿಗೆ ಹೀಟರ್ ಪಟ್ಟಿ ಸುತ್ತಿದೆ. ಇಪ್ಪತ್ತು ನಿಮಿಷದಲ್ಲಿ ಎಣಿಕೆ ಮತ್ತೆ ಎಂಟುನೂರರ ಮೇಲೆ. ಎಚ್‌ಎಫ್‌ಆರ್ ಮತ್ತೆ 2.1. ಅಂದಿನ ರಾತ್ರಿ ಹತ್ತು ಹನ್ನೆರಡು ಫ್ರೇಮ್ ಮಾತ್ರ ಹೋದವು. ಉಳಿದ ಎಪ್ಪತ್ತು ಉಳಿದವು.

ಅಲ್ಲಿಂದ ಆ ಎರಡು ಅಂಕಿಗಳನ್ನು ಒಟ್ಟಿಗೆ ಓದುವುದನ್ನು ಕಲಿತೆ. ನಕ್ಷತ್ರದ ಎಣಿಕೆ ತಟ್ಟನೆ ಬಿದ್ದು, ದಪ್ಪ ಅಷ್ಟೇ ಇದ್ದು, ಐದು ನಿಮಿಷದಲ್ಲಿ ಎಣಿಕೆ ವಾಪಸ್ ಬಂದರೆ ತೆಳು ಮೋಡ ಹಾದುಹೋಗಿದೆ. ಸುಮ್ನೆ ಕಾಯಬೇಕು. ದಪ್ಪ ನಿಧಾನವಾಗಿ ಏರುತ್ತಿದ್ದರೆ ಫೋಕಸ್ ಜಾರುತ್ತಿದೆ. ಫೋಕಸ್ ಮಾಡಿದರೂ ಇಳಿಯದಿದ್ದರೆ ಮೊದಲು ಇಬ್ಬನಿ ನೋಡಬೇಕು. ಸಾಫ್ಟ್‌ವೇರ್ ಎಲ್ಲೂ ಇಬ್ಬನಿ ಅಂತ ಹೇಳಲಿಲ್ಲ. ಅದಕ್ಕೆ ಇಬ್ಬನಿ ಏನು ಅಂತ ಗೊತ್ತೂ ಇಲ್ಲ. ಅದು ಎಣಿಸಿತು, ಅಳೆಯಿತು, ನನ್ನ ಮುಂದೆ ಇಟ್ಟಿತು. ಟಾರ್ಚ್ ಹಿಡಿದುಕೊಂಡು ಎದ್ದು ಹೋಗಬೇಕಾದವನು ನಾನು.

ಎಲ್ಲಿ ನೋಡುತ್ತಿದ್ದೇವೆ

ಒಂದು ವಿಷಯದಲ್ಲಿ ಮಾತ್ರ ಲ್ಯಾಪ್‌ಟಾಪ್ ನನ್ನನ್ನು ಪೂರ್ತಿ ಬೆರಗಾಗಿಸಿದೆ. ಅದು ಪ್ಲೇಟ್ ಸಾಲ್ವಿಂಗ್. ಆಕಾಶದ ಯಾವುದೋ ಒಂದು ಮೂಲೆಯ ಐದು ಸೆಕೆಂಡಿನ ಫೋಟೋ ಕೊಡಿ. ಅದರಲ್ಲಿರುವ ನಕ್ಷತ್ರಗಳನ್ನು ನಾಲ್ಕು ನಾಲ್ಕರ ಗುಂಪು ಮಾಡಿ, ಒಂದೊಂದು ಗುಂಪಿನ ಆಕಾರವನ್ನು ನಕ್ಷತ್ರಪಟ್ಟಿಯಲ್ಲಿ ಹುಡುಕಿ, ಇದು ಇಂಥ ಜಾಗ ಅಂತ ಕೆಲವೇ ಸೆಕೆಂಡಿನಲ್ಲಿ ಹೇಳುತ್ತದೆ. ಆಸ್ಟ್ರೋಮೆಟ್ರಿ.ನೆಟ್ ಅನ್ನುವ ಯೋಜನೆಯವರು ಈ ವಿಧಾನವನ್ನು 2010ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಈಗ ಅಸ್ಟಾಪ್‌ನಂಥ ಸಾಫ್ಟ್‌ವೇರ್ ಇಂಟರ್‌ನೆಟ್ ಇಲ್ಲದೆಯೂ ಇದನ್ನು ಮಾಡುತ್ತದೆ. ಗುರಿ ಎಷ್ಟು ತಪ್ಪಿದೆ ಅಂತ ಮೌಂಟಿಗೆ ತಿಳಿಸಿ, ಅದನ್ನು ತಿರುಗಿಸಿ, ಮತ್ತೆ ಫೋಟೋ ತೆಗೆದು, ಮತ್ತೆ ತಿದ್ದಿ, ಗುರಿಯನ್ನು ಚೌಕಟ್ಟಿನ ನಟ್ಟನಡುವೆ ತಂದು ನಿಲ್ಲಿಸುತ್ತದೆ. ಹೋದ ತಿಂಗಳ ಫೋಟೋ ಕೊಟ್ಟು ಅದೇ ಚೌಕಟ್ಟು ಬೇಕು ಅಂದರೆ ಅದನ್ನೂ ಮಾಡುತ್ತದೆ. ಇದರಿಂದಲೇ ಎರಡು ಮೂರು ತಿಂಗಳು ಒಂದೇ ನೀಹಾರಿಕೆಯ ಬೆಳಕು ಕೂಡಿಡಲು ಸಾಧ್ಯ ಆಗುತ್ತಿದೆ.

ಆದರೂ ನಾನು ಮೊದಲು ಕಣ್ಣಲ್ಲೇ ಗುರಿ ಹುಡುಕುತ್ತೇನೆ. ಅಭಿಜಿತ್‌ನಿಂದ ಇಷ್ಟು ಕೆಳಗೆ, ಕೃತ್ತಿಕೆಯಿಂದ ಇಷ್ಟು ಎಡಕ್ಕೆ ಅಂತ. ಲ್ಯಾಪ್‌ಟಾಪಿನ ಗಡಿಯಾರವೋ ಊರಿನ ಅಕ್ಷಾಂಶವೋ ತಪ್ಪಾಗಿ ತುಂಬಿದ್ದರೆ ಮೌಂಟ್ ಪೂರ್ತಿ ವಿಶ್ವಾಸದಿಂದ ನೆಲದ ಕಡೆ ತಿರುಗುತ್ತದೆ. ಆಗ ತಪ್ಪಾಗಿದೆ ಅಂತ ತಕ್ಷಣ ತಿಳಿಯುವುದು ಆಕಾಶ ಗೊತ್ತಿದ್ದವರಿಗೆ ಮಾತ್ರ.

ಎಳೆದು ಬಿಟ್ಟ ಗೆರೆ

ಇನ್ನು ಗೈಡಿಂಗ್, ಅಂದರೆ ನಕ್ಷತ್ರ ಜಾರದಂತೆ ಮೌಂಟನ್ನು ತಿದ್ದುತ್ತಾ ಇರುವುದು. ಇದರ ಬಗ್ಗೆ ಬರೆಯಬೇಕು ಅಂತಲೇ ಇಷ್ಟೆಲ್ಲ ಶುರುಮಾಡಿದ್ದು.

ಆಕಾಶ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ ಸರಿಯುತ್ತದೆ. ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಒಂದು ಭಾಗ ಒಂದು ಆರ್ಕ್‌ಸೆಕೆಂಡ್. ನನ್ನ ಕ್ಯಾಮೆರಾದ ಪಿಕ್ಸೆಲ್ 4.3 ಮೈಕ್ರಾನ್, ಟೆಲಿಸ್ಕೋಪಿನ ಫೋಕಲ್ ಲೆಂಗ್ತ್ 480 ಮಿಲಿಮೀಟರ್. ಹಾಗಾಗಿ ಒಂದು ಪಿಕ್ಸೆಲ್ ಆಕಾಶದ 1.85 ಆರ್ಕ್‌ಸೆಕೆಂಡನ್ನು ನೋಡುತ್ತದೆ. ಮೌಂಟ್ ನಿಂತುಹೋದರೆ ನಕ್ಷತ್ರ ಒಂದು ಸೆಕೆಂಡಿಗೆ ಎಂಟು ಪಿಕ್ಸೆಲ್ ಓಡುತ್ತದೆ. ಮೌಂಟ್ ಭೂಮಿಗೆ ಎದುರಾಗಿ ತಿರುಗಿ ಅದನ್ನು ಹಿಡಿದಿಡುತ್ತದೆ. ಆದರೆ ಹಲ್ಲುಚಕ್ರ ಅಂದಮೇಲೆ ಸಣ್ಣಪುಟ್ಟ ಏರುಪೇರು ಇದ್ದೇ ಇರುತ್ತದೆ. ಅದನ್ನು ತಿದ್ದಲು ಪಕ್ಕದಲ್ಲಿ ಒಂದು ಪುಟ್ಟ ಟೆಲಿಸ್ಕೋಪ್, ಅದರ ಹಿಂದೆ ಇನ್ನೊಂದು ಪುಟ್ಟ ಕ್ಯಾಮೆರಾ. ಪಿಎಚ್‌ಡಿ2 ಅನ್ನುವ ಸಾಫ್ಟ್‌ವೇರ್ ಎರಡು ಸೆಕೆಂಡಿಗೊಮ್ಮೆ ಒಂದು ನಕ್ಷತ್ರದ ಫೋಟೋ ತೆಗೆದು, ಅದು ಎಷ್ಟು ಸರಿದಿದೆ ಅಂತ ಪಿಕ್ಸೆಲ್ಲಿನ ಒಂದು ಸಣ್ಣ ಭಾಗದಷ್ಟು ನಿಖರವಾಗಿ ಅಳೆದು, ಮೌಂಟಿಗೆ ಇಷ್ಟು ತಿರುಗು ಅಂತ ಹೇಳುತ್ತದೆ. ಇದೆಲ್ಲ ಒಂದು ಗ್ರಾಫಿನಲ್ಲಿ ಎರಡು ಗೆರೆಯಾಗಿ ಓಡುತ್ತಿರುತ್ತದೆ. ಒಂದು ಗೆರೆ ಪೂರ್ವ ಪಶ್ಚಿಮಕ್ಕೆ, ಅದು ಆರ್‌ಎ. ಇನ್ನೊಂದು ಉತ್ತರ ದಕ್ಷಿಣಕ್ಕೆ, ಅದು ಡೆಕ್.

ಈ ಹವ್ಯಾಸದಲ್ಲಿ ನನಗಿಂತ ಬಹಳ ಹಿರಿಯರೊಬ್ಬರು ಇದ್ದಾರೆ. ಫಿಲ್ಮ್ ಕಾಲದವರು. ಅವರಿಗೆ ಕಂಪ್ಯೂಟರ್ ಅಷ್ಟಾಗಿ ಇಷ್ಟ ಇಲ್ಲ, ಆದರೆ ಕರೆದರೆ ಬರುತ್ತಾರೆ. ಒಂದು ರಾತ್ರಿ ಬಂದಿದ್ದರು. ಅಂದು ಗೈಡಿಂಗ್ ಸರಿ ಇರಲಿಲ್ಲ. ಸಾಮಾನ್ಯವಾಗಿ ನನ್ನ ಮೌಂಟಿನ ಏರುಪೇರು 0.7 ಆರ್ಕ್‌ಸೆಕೆಂಡ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಂದು 1.6, 1.8. ಏಳೆಂಟು ನಿಮಿಷಕ್ಕೊಮ್ಮೆ ಒಂದು ಫ್ರೇಮ್ ಕೆಡುತ್ತಿತ್ತು. ನಕ್ಷತ್ರಗಳಿಗೆಲ್ಲ ಒಂದು ಸಣ್ಣ ಬಾಲ. ನಾನು ಸಾಫ್ಟ್‌ವೇರಿನ ಸೆಟ್ಟಿಂಗ್ ಒಂದೊಂದಾಗಿ ಬದಲಾಯಿಸುತ್ತಾ ಕೂತಿದ್ದೆ. ತಿದ್ದುವ ವೇಗ ಜಾಸ್ತಿ ಮಾಡಿದೆ, ಕಡಿಮೆ ಮಾಡಿದೆ. ಎರಡು ಸೆಕೆಂಡನ್ನು ಮೂರು ಮಾಡಿದೆ. ಏನೂ ಪ್ರಯೋಜನ ಆಗಲಿಲ್ಲ.

ಅವರು ಹಿಂದೆ ಬಂದು ನಿಂತರು. ಪರದೆಗೆ ಕೆಂಪು ಹಾಳೆ ಅಂಟಿಸಿದ್ದೆ, ಕಣ್ಣಿನ ಕತ್ತಲೆ ಕೆಡದಿರಲಿ ಅಂತ. ಆ ಕೆಂಪಿನಲ್ಲಿ ಅವರ ಮುಖ ಅರ್ಧ ಕಾಣುತ್ತಿತ್ತು. ಸುಮಾರು ಹತ್ತು ನಿಮಿಷ ಏನೂ ಮಾತಾಡಲಿಲ್ಲ. ಗೆರೆಗಳನ್ನೇ ನೋಡುತ್ತಿದ್ದರು.

“ಯಾವ ಗೆರೆ ಯಾವ ಕಡೇದು?” ಅಂದರು.

“ನೀಲಿ ಆರ್‌ಎ ಸರ್, ಇನ್ನೊಂದು ಡೆಕ್.”

“ಗಾಳಿ ಅಲ್ಲಪ್ಪ ಇದು. ಗಾಳಿ ಆದ್ರೆ ಎರಡೂ ಗೆರೆ ಕುಣೀಬೇಕು. ಹಲ್ಲುಚಕ್ರಾನೂ ಅಲ್ಲ, ಅದಾದ್ರೆ ಆರ್‌ಎ ಮೇಲೆ ಅಲೆ ಅಲೆಯಾಗಿ ಬರ್ಬೇಕು. ಇಲ್ನೋಡು. ಡೆಕ್ ಒಂದೇ ನಿಧಾನಕ್ಕೆ ಒಂದು ಕಡೆ ಹೋಗ್ತಿದೆ. ಆಮೇಲೆ ಟಕ್ ಅಂತ ಈ ಕಡೆ ಬರ್ತಿದೆ. ಯಾರೋ ಎಳೆದು ಬಿಟ್ಟ ಹಾಗೆ.”

“ಮೌಂಟನ್ನ ಧ್ರುವ ನಕ್ಷತ್ರಕ್ಕೆ ಸರಿಯಾಗಿ ಜೋಡಿಸಿಲ್ವೇನೋ ಸರ್.”

“ಅದಾದ್ರೆ ಒಂದೇ ಕಡೆ ಹೋಗ್ತಾನೇ ಇರುತ್ತೆ. ವಾಪಸ್ ಹಾರಲ್ಲ. ನಿನ್ನ ವೈರು ನೋಡು.”

ಟಾರ್ಚ್ ತೆಗೆದುಕೊಂಡು ಹೋದೆ. ಕ್ಯಾಮೆರಾದಿಂದ ಇಳಿದ ಯುಎಸ್‌ಬಿ ಕೇಬಲ್ ಮೌಂಟಿನ ಬದಿಯ ಒಂದು ತಿರುಪಿನ ತಲೆಗೆ ತಾಗಿಕೊಂಡಿತ್ತು. ಟೆಲಿಸ್ಕೋಪ್ ಪಶ್ಚಿಮಕ್ಕೆ ತಿರುಗುತ್ತಾ ಹೋದಂತೆ ಕೇಬಲ್ ಬಿಗಿಯಾಗುತ್ತದೆ, ಕ್ಯಾಮೆರಾವನ್ನು ಕೂದಲಷ್ಟು ಎಳೆಯುತ್ತದೆ. ಬಿಗಿ ಜಾಸ್ತಿಯಾದಾಗ ತಿರುಪಿನ ಮೇಲಿಂದ ಜಾರುತ್ತದೆ. ಮತ್ತೆ ಸಿಕ್ಕಿಕೊಳ್ಳುತ್ತದೆ. ಬೆರಳಿಂದ ಮೆಲ್ಲಗೆ ಎತ್ತಿದೆ. ಹಿಂದಿನಿಂದ ಅವರ ದನಿ ಬಂತು: “ಹಾರಿತು ನೋಡು ಈಗ.” ನಾನು ಕೇಬಲ್ ಮುಟ್ಟಿದ್ದು ಪರದೆಯ ಮೇಲೆ ಅವರಿಗೆ ಕಂಡಿತ್ತು.

ಕೇಬಲ್ಲನ್ನು ಸಡಿಲವಾಗಿ ಸುತ್ತು ಬಿಟ್ಟು, ಮೌಂಟಿನ ಎರಡೂ ಅಕ್ಷ ಕೂಡುವ ಜಾಗಕ್ಕೆ ಪಟ್ಟಿ ಹಾಕಿ ಕಟ್ಟಿದೆ. ಅಲ್ಲಿ ಕಟ್ಟಿದರೆ ಟೆಲಿಸ್ಕೋಪ್ ಎಷ್ಟು ತಿರುಗಿದರೂ ಕೇಬಲ್ ಎಳೆಯುವುದಿಲ್ಲ. ಹತ್ತು ನಿಮಿಷದಲ್ಲಿ 0.65.

ಗ್ರಾಫ್ ಓದುವುದು ಅವರಿಗೆ ಹೇಗೆ ಬಂತು ಅಂತ ಕೇಳಿದೆ. ಪಿಎಚ್‌ಡಿ2 ಅವರು ಅಂದೇ ಮೊದಲು ನೋಡಿದ್ದು. ಅವರು ಹೇಳಿದ್ದು ಇಷ್ಟು. ಅವರ ಕಾಲದಲ್ಲಿ ಗೈಡಿಂಗ್ ಅಂದರೆ ಕಣ್ಣು ಮತ್ತು ಬೆರಳು. ಪಕ್ಕದ ಟೆಲಿಸ್ಕೋಪಿಗೆ ಕಣ್ಣಿಟ್ಟು ನೋಡುವ ಕ್ರಾಸ್‌ಹೇರ್ ಐಪೀಸ್ ಹಾಕಿ, ಕೆಂಪಾಗಿ ಹೊಳೆಯುವ ಎರಡು ಎಳೆಗಳ ಕೂಡುವಲ್ಲಿ ಒಂದು ನಕ್ಷತ್ರ ಇಟ್ಟು, ಅದು ಅಲುಗಿದರೆ ಬಟನ್ ಒತ್ತುವುದು. ನಲವತ್ತು ನಿಮಿಷ, ಐವತ್ತು ನಿಮಿಷ, ಕಣ್ಣು ತೆಗೆಯದೆ. ಗಾಳಿ ಬಂದರೆ ನಕ್ಷತ್ರ ಹೇಗೆ ನಡುಗುತ್ತದೆ, ಚಕ್ರ ಕೆಟ್ಟಿದ್ದರೆ ಹೇಗೆ ತೂಗುತ್ತದೆ, ವೈರು ಎಳೆದರೆ ಹೇಗೆ ತೆವಳುತ್ತದೆ, ಇದೆಲ್ಲ ಅವರಿಗೆ ಕಣ್ಣಿನ ನೆನಪಿನಲ್ಲಿದೆ. ಪರದೆಯ ಮೇಲಿನ ಗೆರೆಯಲ್ಲಿ ಅವರು ಅದನ್ನೇ ಗುರುತು ಹಿಡಿದಿದ್ದರು.

ಇದು ಬಹಳ ಹಳೆಯ ದುಡಿಮೆ. ಅಮೆರಿಕದ ಹೆನ್ರಿ ಡ್ರೇಪರ್ 1880ರ ಸೆಪ್ಟೆಂಬರ್ 30ರಂದು ಒರಾಯನ್ ನೀಹಾರಿಕೆಯ ಮೊದಲ ಫೋಟೋ ತೆಗೆದಾಗ ಎಕ್ಸ್‌ಪೋಷರ್ 51 ನಿಮಿಷ. 1882ರ ಮಾರ್ಚಿನಲ್ಲಿ ಇನ್ನೂ ಚೆನ್ನಾಗಿ ತೆಗೆದದ್ದು 137 ನಿಮಿಷದ್ದು. 1890ರ ದಶಕದಲ್ಲಿ ಲಿಕ್ ವೀಕ್ಷಣಾಲಯದಲ್ಲಿ ಎಡ್ವರ್ಡ್ ಬರ್ನಾರ್ಡ್ ಆಕಾಶಗಂಗೆಯ ಫೋಟೋಗಳನ್ನು ಗಂಟೆಗಟ್ಟಲೆ ಕಣ್ಣಲ್ಲೇ ಗೈಡ್ ಮಾಡಿ ತೆಗೆದರು. ಅವರಿಗೆಲ್ಲ ಕೆಟ್ಟ ಸುದ್ದಿ ತಿಳಿಯುತ್ತಿದ್ದದ್ದು ಗಾಜಿನ ಫೋಟೋ ಪ್ಲೇಟ್ ತೊಳೆದ ಮೇಲೆ. ಆದರೆ ಅದಕ್ಕೂ ಮುಂಚೆ, ಅದು ಆಗುತ್ತಿರುವಾಗಲೇ, ಕಣ್ಣಿಗೆ ಒಂದಿಷ್ಟು ಗೊತ್ತಾಗುತ್ತಿತ್ತು. ನನ್ನ ತೊಂಬತ್ತು ಫೋಟೋಗಳ ರಾತ್ರಿ ನನಗೆ ಅದೂ ಇರಲಿಲ್ಲ. ಟೈಮರ್ ರಿಮೋಟ್ ಹಾಕಿ, ನೋಡುವ ಕೆಲಸವನ್ನು ಬಿಟ್ಟಿದ್ದೆ. ಬದಲಿಗೆ ನೋಡುವವರು ಯಾರೂ ಇರಲಿಲ್ಲ.

ಈಗಿನ ಸಾಫ್ಟ್‌ವೇರ್ ಇಡೀ ರಾತ್ರಿಯ ಪಟ್ಟಿ ಬರೆದುಕೊಟ್ಟರೆ ತಾನೇ ನಡೆಸುತ್ತದೆ. ಗುರಿ ಹುಡುಕುತ್ತದೆ, ಮೋಟಾರಿನಿಂದ ಫೋಕಸ್ ಮಾಡುತ್ತದೆ, ಗುರಿ ನೆತ್ತಿಯ ರೇಖೆ ದಾಟಿದಾಗ ಟೆಲಿಸ್ಕೋಪನ್ನು ಆ ಬದಿಯಿಂದ ಈ ಬದಿಗೆ ಮಗುಚುತ್ತದೆ, ಬೆಳಗಾದರೆ ಮಡಿಸಿ ನಿಲ್ಲಿಸುತ್ತದೆ. ನಾನೂ ಫೋಕಸ್ ಮೋಟಾರ್ ಹಾಕಿಸಿದ್ದೇನೆ. ತಾಪಮಾನ ಎರಡು ಡಿಗ್ರಿ ಇಳಿದರೆ ಅಥವಾ ಎಚ್‌ಎಫ್‌ಆರ್ ಹತ್ತು ಪರ್ಸೆಂಟ್ ಏರಿದರೆ ತಾನೇ ಮತ್ತೆ ಫೋಕಸ್ ಮಾಡುವಂತೆ ಇಟ್ಟಿದ್ದೇನೆ. ಇದನ್ನು ಬೇಡ ಅನ್ನುವವರ ಮಾತು ನನಗೆ ಒಪ್ಪಿಗೆ ಇಲ್ಲ. ಬೆಳಕು ಕೂಡಿಡುವ ಲೆಕ್ಕ ತುಂಬಾ ಕಠಿಣ. ಫೋಟೋ ಎರಡು ಪಟ್ಟು ಸ್ವಚ್ಛ ಆಗಬೇಕಾದರೆ ನಾಲ್ಕು ಪಟ್ಟು ಹೊತ್ತು ಬೇಕು. ಒಳ್ಳೆಯ ರಾತ್ರಿಗಳೇ ಕಡಿಮೆ ಇರುವಾಗ ಒಂದು ಗಂಟೆಯೂ ಪೋಲಾಗಬಾರದು. ಆದರೆ ಹೊಸದಾಗಿ ಶುರುಮಾಡುವವರು ಕೇಳಿದರೆ ಒಂದು ಮಾತು ಹೇಳುತ್ತೇನೆ. ಯಾವ ಕೆಲಸವನ್ನು ಸಾಫ್ಟ್‌ವೇರಿಗೆ ಒಪ್ಪಿಸುತ್ತೀರೋ ಅದನ್ನು ಮೊದಲು ನಾಲ್ಕಾರು ರಾತ್ರಿ ಕೈಯಾರೆ ಮಾಡಿ. ಫೋಕಸ್ ಕೈಯಲ್ಲಿ ಮಾಡದವರಿಗೆ 2.6 ಅನ್ನುವುದು ಬರೀ ಅಂಕಿ. ಮಾಡಿದವರಿಗೆ ಅದು ತಿರುಪಿನ ಅರ್ಧ ಸುತ್ತು, ಇಲ್ಲವೇ ಗಾಜಿನ ಮೇಲಿನ ಇಬ್ಬನಿ.

ಅಂದು ಹೊರಡುವಾಗ ಅವರು ಹೇಳಿದ್ದರು, “ಆ ಐಪೀಸ್ ಈಗಲೂ ಇದೆ ನನ್ನ ಹತ್ರ. ಮುಂದಿನ ಅಮಾವಾಸ್ಯೆಗೆ ತರ್ತೀನಿ. ಒಂದೇ ಒಂದು ಫ್ರೇಮ್ ನೀನೇ ಗೈಡ್ ಮಾಡು.” ತಂದರು. ಗೈಡ್ ಕ್ಯಾಮೆರಾ ತೆಗೆದು ಆ ಐಪೀಸ್ ಹಾಕಿದೆವು. ಪಿಎಚ್‌ಡಿ2 ಬಂದ್ ಮಾಡಿದೆ. ಮುಖ್ಯ ಕ್ಯಾಮೆರಾವನ್ನು ಲ್ಯಾಪ್‌ಟಾಪೇ ನಡೆಸಲಿ ಅಂತ ಐದು ನಿಮಿಷದ ಒಂದು ಫ್ರೇಮ್ ಇಟ್ಟು, ಮೌಂಟಿನ ಹ್ಯಾಂಡ್ ಕಂಟ್ರೋಲರ್ ಹಿಡಿದು ಐಪೀಸಿಗೆ ಕಣ್ಣಿಟ್ಟೆ.

ಕೆಂಪು ಎಳೆಗಳ ನಡುವೆ ಆ ನಕ್ಷತ್ರ ನಿಲ್ಲುತ್ತಲೇ ಇರಲಿಲ್ಲ. ಮೊದಲ ನಿಮಿಷ ನಾನು ಎಲ್ಲದಕ್ಕೂ ಬಟನ್ ಒತ್ತುತ್ತಿದ್ದೆ. ಗಾಳಿಯ ಪದರಗಳಿಂದ ನಡುಗುವುದು ಬೇರೆ, ನಿಜವಾಗಿ ಸರಿಯುವುದು ಬೇರೆ ಅಂತ ಆಮೇಲೆ ತಿಳಿಯಿತು. ನಡುಕಕ್ಕೆ ಸುಮ್ಮನಿರಬೇಕು, ಸರಿದರೆ ಮಾತ್ರ ಒತ್ತಬೇಕು. ಪಿಎಚ್‌ಡಿ2ನಲ್ಲಿ ಮಿನಿಮಮ್ ಮೂವ್ ಅಂತ ಒಂದು ಸೆಟ್ಟಿಂಗ್ ಇದೆ. ಎಷ್ಟೋ ಸಲ ಅದರ ಅಂಕಿ ಬದಲಾಯಿಸಿದ್ದೆ. ಅದು ಏನು ಅಂತ ಅಂದು ಬೆರಳಿಗೆ ಗೊತ್ತಾಯಿತು. ನಾಲ್ಕನೇ ನಿಮಿಷದ ಹೊತ್ತಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಒಂದು ಸಲ ರೆಪ್ಪೆ ಮುಚ್ಚಿ ತೆರೆದಾಗ ನಕ್ಷತ್ರ ಎಳೆಯ ಆಚೆ ಇತ್ತು.

ಶಟರ್ ಮುಚ್ಚಿತು. ಫೋಟೋ ಪರದೆಗೆ ಬಂತು. ಎಚ್‌ಎಫ್‌ಆರ್ 2.5. ನಾನು ದೊಡ್ಡದು ಮಾಡಿದೆ. ನಕ್ಷತ್ರಗಳು ಹೆಚ್ಚುಕಮ್ಮಿ ದುಂಡಗೆ ಇದ್ದವು. ಒಂದು ಬದಿಗೆ ಮಾತ್ರ ಮಸುಕಾದ ಒಂದು ಮೊಳಕೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

“ಒಂದೇ ಒಂದು ಸಲ ತಡ ಮಾಡಿದ್ದೀಯ,” ಅಂದರು. “ಕಣ್ಣು ಮಿಟುಕಿಸಿದೆ ಅಲ್ವಾ?”

“ಹೌದು ಸರ್.”

“ಅಳಿಸ್ಬೇಡ ಅದನ್ನ.”

ಅಳಿಸಿಲ್ಲ. ಉಳಿದ ಫ್ರೇಮುಗಳ ಜೊತೆಗೇ ಇದೆ, ಅದರದೇ ಕ್ರಮಸಂಖ್ಯೆಯಲ್ಲಿ. ಆಮೇಲೆ ಗೈಡ್ ಕ್ಯಾಮೆರಾ ವಾಪಸ್ ಹಾಕಿ, ಕೇಬಲ್ ಸಡಿಲ ಇದೆಯಾ ಅಂತ ಕೈಯಾಡಿಸಿ ನೋಡಿ, ಸಾಫ್ಟ್‌ವೇರನ್ನು ಮತ್ತೆ ಓಡಲು ಬಿಟ್ಟೆ. ಅವರು ಕುರ್ಚಿಯನ್ನು ಲ್ಯಾಪ್‌ಟಾಪ್ ಹತ್ತಿರ ಎಳೆದುಕೊಂಡು ಗೆರೆಗಳನ್ನು ನೋಡುತ್ತಾ ಕೂತರು.